ಮಾರ್ಕೆಟ್ಟಿನ ಪಟ್ಟಿಮೀನು: ಮುರು ಏನ್ರಿ, ಜಿಲೇಬಿ ಏನ್ರಿ?

ಪ್ರಶ್ನೆ (ಹುಬ್ಬಳ್ಳಿ): ಸರ, ನಮಸ್ಕಾರ್ರಿ. ರವಿವಾರ ಮಾರ್ಕೆಟ್ಟಿನ್ಯಾಗ ಮುಕ್ಕಾಲು ಕಿಲೋದ ಒಂದು ಮೀನ ತಗೊಂಡೆ. ಒಂದೂವರಿ ಗೇಣು ಉದ್ದ, ಕಂದು ಮೈ, ಐದು ಕಪ್ಪು ಪಟ್ಟಿ, ಚುಕ್ಕಿ ಒಂದೂ ಇಲ್ಲ. ಬಾಯಿ ಭಾಳ ದೊಡ್ಡದು. ಅಂಗಡ್ಯಾಂವ ‘ಕಾರವಾರದ ಮುರು’ ಅಂದ. ಬಾಜೂ ಮನಿ ಕಾಕಾ ‘ಕೆರಿ ಜಿಲೇಬಿ (ತಿಲಾಪಿಯಾ) ಕೊಟ್ಟು ಟೊಪ್ಪಿಗಿ ಹಾಕ್ಯಾನ’ ಅಂತಾರ. ಖರೇ ಯಾವುದ್ರಿ? ಎಲ್ಲಿ ಇರತೈತಿ ಇದು? ಫೋಟೋ ಹಾಕೇನಿ.

ಉತ್ತರ (ಸಾಗರ ಜೀವಶಾಸ್ತ್ರ ಓದಿದವರು): ಕಾಕಾ ಸೋತ್ರು. ಫೋಟೋ ಹಿಗ್ಗಿಸಿ ಕಣ್ಣಿನ ಮುಂದ ನೋಡ್ರಿ, ಒಂದೊಂದು ಬಾಜೂಕ ಎರಡೆರಡು ಮೂಗಿನ ತೂತು ಅದಾವು. ಜಿಲೇಬಿಗೆ ಬಾಜೂಕ ಒಂದ ತೂತು. ಪಟ್ಟಿ ನಂಬಬ್ಯಾಡ್ರಿ, ಮರಿ ಜಿಲೇಬಿಗೂ ಪಟ್ಟಿ ಇರತಾವು, ಮತ್ತ ಐಸಿನ್ಯಾಗ ಕುಂತ ಮೀನಿನ ಬಣ್ಣ ಮಸಕಾಗತೈತಿ. ಕಿವಿರಿನ ಮುಚ್ಚಳದ ತುದಿಗೆ ಮೂರು ಚಪ್ಪಟೆ ಮುಳ್ಳು, ಬೀಸಣಿಗಿಹಂಗ ದುಂಡನ ಬಾಲ. ಮುರುನ ಇದು. ಗೋವಾದಾಗ ಗೋಬ್ರೊ, ಗಲ್ಫಿಗೆ ಹೋಗಿಬಂದವರ ಬಾಯಾಗ ಹಮೂರ್.

ಮುರುವಿನ್ಯಾಗ ಜಾತಿ ಭಾಳ. ನಿಮ್ಮದು ಎಪಿನೆಫೆಲಸ್ ಡಯಾಕ್ಯಾಂಥಸ್. ನಡುವಿನ ಜಾಗಕ್ಕಿಂತ ಪಟ್ಟಿನ ಅಗಲ, ಐದನೇ ಪಟ್ಟಿ ಬಾಲದ ಬುಡದಾಗ, ಸ್ವಲ್ಪ ಮಸಕು. ಕೆನ್ನಿ ಎಲುಬಿನ ಮೂಲಿ ಮ್ಯಾಲೆ ಬೆರಳು ಆಡಿಸಿದ್ರ ದೊಡ್ಡ ಗರಗಸದ ಹಲ್ಲು ಚುಚ್ಚತಾವು. ಡಯಾಕ್ಯಾಂಥಸ್ ಅನ್ನೋ ಹೆಸರಿಗೆ ಕಾರಣ ಮುಳ್ಳಿನಂಥ ಆ ಹಲ್ಲ.

ಮುರು ಅಂದ್ರ ಬಂಡಿಗಲ್ಲಿನ ಸಂದಿ, ನೇತ್ರಾಣಿ ದ್ವೀಪದ ಹವಳ ಅಂತ ಎಲ್ಲಾರೂ ತಿಳದಾರ. ಭಾಳ ಜಾತಿಗೆ ಅದು ಖರೇ. ಇದಕ್ಕ ಮಾತ್ರ ಮರಳು, ಕೆಸರಿನ ತಳನೂ ನಡೀತೈತಿ, ಸುಮಾರು 10ರಿಂದ 100 ಮೀಟರ್ ಆಳದಾಗ. ತಳ ಗುಡಿಸಿಕೊಂಡು ಹೋಗೋ ಟ್ರಾಲ್ ಬಲಿಗೆ ಬೀಳೋದು ಅದಕ್ಕ.

ಮತ್ತೊಬ್ಬರು (ಗದಗ): ಸರ, ಕಾರವಾರದಾಗ ಮೈತುಂಬ ಕಿತ್ತಳಿ ಚುಕ್ಕಿ ಇದ್ದ ಮುರು ತಿಂದಿದ್ದೆ. ಅದೂ ಇದ ಏನ್ರಿ?

ಉತ್ತರ: ಅಲ್ಲ. ಅದು ಎಪಿನೆಫೆಲಸ್ ಕೊಯೊಯ್ಡಿಸ್ ಇದ್ದೀತು. ಅದರ ಮರಿ ಅಳಿವೆಯ ಸವಳು ನೀರಿನ್ಯಾಗ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದ್ಯಾಗ ಬೆಳೀತಾವು. ಬೆಳದು ಮೀಟರ್ ತನಕ ಆಗತೈತಿ. ನಿಮ್ಮ ಹುಬ್ಬಳ್ಳಿದು ಅರ್ಧ ಮೀಟರಿಗೆ ಸುಸ್ತು.

ಪ್ರಶ್ನೆ ಕೇಳಿದವರು: ನಮ್ಮ ಮೀನಿನ ಹೊಟ್ಯಾಗ ತತ್ತಿ ಇತ್ರಿ.

ಉತ್ತರ: ಹಂಗಾದ್ರ ಅದು ಹೆಣ್ಣ. ಮುರು ಮೊದಲ ಹೆಣ್ಣಾಗಿ ಬೆಳೀತಾವು, ಮುಂದ ಕೆಲವು ಗಂಡಾಗತಾವು. ಇನ್ನೊಮ್ಮೆ ತಂದ್ರ ಅಂಗಡಿಯೊಳಗ ತಲಿ ಕಡಿಸಬ್ಯಾಡ್ರಿ. ಕಾಕಾಗ ಮೂಗು ತೋರಿಸಬೇಕಲ್ಲ, ಮತ್ತ ಸಾರಿನ ರುಚಿನೂ ತಲಿಯೊಳಗ ಐತಿ.