ಹೆಸರು ಬೇಕು: ಕಳ್ಳನಿಗೆ, ಬೇಟೆಗಾತಿಗೆ, ಅವಳ ನಾಯಿಗೆ (ಬುಧವಾರದೊಳಗೆ)

ಸು., ತುಮಕೂರು:

ನಮಸ್ಕಾರ. ಏಪ್ರಿಲ್ ರಜೆಯಲ್ಲಿ ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಕನ್ನಡದಲ್ಲಿ ಆಡಿಸಲಿದ್ದೇವೆ. ಅದರ ಮೂಲ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದಿರುವುದರಿಂದ ಅನುವಾದಕ್ಕೆ ಅಡ್ಡಿಯಿಲ್ಲ. ನಿಯಮಗಳ ಕೆಲಸ ಮುಗಿಯಿತು, ಸಿಕ್ಕಿಕೊಂಡಿರುವುದು ಹೆಸರುಗಳಲ್ಲಿ. ನಾಲ್ಕು ಪಾತ್ರಗಳ ಕಾರ್ಡು ಬುಧವಾರ ಅಚ್ಚಿಗೆ ಹೋಗಬೇಕು. ಹೆಸರಿಗೆ ಇರುವುದು ಹನ್ನೆರಡು ಅಕ್ಷರದ ಜಾಗ. ಕಾಡಿನ ಬೇಟೆಗಾತಿ ಮತ್ತು ಅವಳ ನಾಯಿ, ಪ್ಯಾಲಡಿನ್, ಅಂದರೆ ಆಣೆಗೆ ಕಟ್ಟುಬಿದ್ದ ಯೋಧ, ಗಿಡ್ಡ ಜಾತಿಯ ಕಳ್ಳ, ಹಾಡುಗಾರ. ಇಂಗ್ಲಿಷ್ ಕಾರ್ಡಿನಲ್ಲಿ ಬೇಟೆಗಾತಿಯ ಮನೆತನದ ಹೆಸರು ‘ಮೂನ್‌ವಿಸ್ಪರ್’. ನಾನು ‘ಇಳಾ ಚಂದ್ರಪಿಸುಮಾತು’ ಎಂದು ಬರೆದೆ. ಅಕ್ಕನ ಮಗ ಅದನ್ನು ಓದಿ ಬಿದ್ದು ಬಿದ್ದು ನಕ್ಕ. ಕಳ್ಳನ ಕಾರ್ಡಿನಲ್ಲಿ ‘ರೋಗ್’ ಎಂದು ಹಾಗೇ ಬಿಟ್ಟಿದ್ದೆ. ‘ಇವನಿಗೆ ಯಾವ ರೋಗ, ಮಾಮ?’ ಎಂದು ಕೇಳಿದ.

ಕೆ., ಮಂಡ್ಯ:

‘ಚಂದ್ರಪಿಸುಮಾತು’ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ‘ತಿಂಗಳುಲಿ’ ಎನ್ನಿ. ಯೋಧ ‘ಆಣೆಯಾಳು’, ಗಿಡ್ಡ ‘ಅರೆಯಾಳು’, ಹಾಡುಗಾರ ‘ಪಾಡುಗ’. ಆಂಡಯ್ಯ ತತ್ಸಮಗಳನ್ನು ದೂರವಿಟ್ಟು ಇಡೀ ಕಾವ್ಯ ಬರೆದ. ನಾಲ್ಕು ಕಾರ್ಡು ಬರೆಯಲು ನಮಗೆ ಸಂಸ್ಕೃತದ ಊರುಗೋಲು ಬೇಕೇ?

ನಾ., ಬೆಂಗಳೂರು:

ಆಂಡಯ್ಯ ಬಿಟ್ಟದ್ದು ಸಂಸ್ಕೃತದ ಉಡುಪನ್ನು, ಸಂಸ್ಕೃತವನ್ನಲ್ಲ. ಅವನ ‘ಕಬ್ಬಿಗರ ಕಾವ’ದಲ್ಲಿನ ಕಬ್ಬಿಗ ಸಂಸ್ಕೃತದ ‘ಕವಿ’ಯದಲ್ಲದೆ ಇನ್ಯಾರ ಮನೆಯ ಕೂಸು, ಸ್ವಾಮಿ? ‘ಅರೆಯಾಳು’ ಎಂದರೆ ಅರ್ಧ ಕೂಲಿಗೆ ಬರುವವನು ಎಂದೇ ಕಿವಿಗೆ ಬೀಳುತ್ತದೆ. ಆ ಆಟದವರೇ ಮೊದಲು ಟೋಲ್ಕಿನ್ ಕಥೆಯ ‘ಹಾಬಿಟ್’ ಎಂದಿದ್ದರು. ಹಕ್ಕುದಾರರು ತಕರಾರು ತೆಗೆದ ಮೇಲೆ ‘ಹಾಫ್ಲಿಂಗ್’ ಆಯಿತು. ವಕೀಲರ ಭಯಕ್ಕೆ ತಂದ ಪದಕ್ಕೆ ಅಚ್ಚಗನ್ನಡ ಹುಡುಕಿ ಸಾಧಿಸುವುದೇನು? ಗಿಡ್ಡ ಎಂದರೆ ಸಾಕು.

ವಿ., ಧಾರವಾಡ:

ಸು. ಅವರೇ, ಹೆಸರನ್ನು ಅನುವಾದಿಸಲು ಹೊರಟದ್ದೇ ತಪ್ಪು. ಮೂನ್‌ವಿಸ್ಪರ್ ಮಾಡುವ ಕೆಲಸವನ್ನು ಕನ್ನಡದಲ್ಲಿ ಮಾಡುವುದು ಮನೆತನದ ಹೆಸರಲ್ಲ, ಕಸುಬು ಮತ್ತು ಬಿರುದು. ಶರಣರನ್ನು ನೆನೆಯಿರಿ: ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಕದಿರ ರೆಮ್ಮವ್ವೆ. ದೋಣಿ, ಹಗ್ಗ, ದನ, ಕದಿರು ಎಲ್ಲವೂ ಹೆಸರಿನಲ್ಲೇ ಇವೆ. ಕಳ್ಳನೂ ಇದ್ದಾನೆ, ಕನ್ನ ಹಾಕುವುದನ್ನು ಬಿಟ್ಟು ಶರಣನಾದ ಕನ್ನದ ಮಾರಿತಂದೆ. ನಿಮ್ಮ ಕಾರ್ಡಿನಲ್ಲಿ ‘ವರ್ಗ’ ಎಂಬ ಖಾನೆಯನ್ನೇ ತೆಗೆದುಹಾಕಬಹುದು.

ಬಿರುದು ಹುಟ್ಟಿನಿಂದ ಬರುವುದಲ್ಲ. ಮಕ್ಕಳು ಆಟದಲ್ಲಿ ಒಂದೆರಡು ಹಂತ ಏರಲಿ, ಆಮೇಲೆ ಕೊಡಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ‘ಕಲಿಯುಗ ವಿಪರೀತ’ನಾಗಿ ನಿಂತಿದ್ದಾನೆ, ಹೊಯ್ಸಳರು ‘ಮಲೆಪರೊಳ್ ಗಂಡ’ರು. ಕೆ. ಅವರ ಅರಿಸಮಾಸದ ದಂಡಕ್ಕೂ ಇಲ್ಲಿ ವಿನಾಯಿತಿ ಉಂಟು: ಬಿರುದುಗಳ ಮಟ್ಟಿಗೆ ವ್ಯಾಕರಣಕಾರ ಕೇಶಿರಾಜನೇ ಬಾಗಿಲು ತೆರೆದಿಟ್ಟಿದ್ದಾನೆ.

ಇನ್ನು ಹೆಸರುಗಳು ಕಲ್ಲುಗಳ ಮೇಲೆ ರಾಶಿ ಬಿದ್ದಿವೆ. ಬೇಗೂರಿನ ಕಲ್ಲಿನಲ್ಲಿ ನಾಗತ್ತರ, ಬುಟ್ಟಣಸೆಟ್ಟಿ. ಗಂಗರಲ್ಲಿ ಬೂತುಗ, ಎರೆಯಪ್ಪ, ದುರ್ವಿನೀತ (ತೊಟ್ಟಿಲಲ್ಲಿ ಏನು ಕಂಡು ಇಟ್ಟರೋ!), ಸಾಲದ್ದಕ್ಕೆ ರಕ್ಕಸಗಂಗ. ರಕ್ಕಸ ಎಂಬುದು ಒಬ್ಬ ದೊರೆಯ ಹೆಸರಾಗಿತ್ತು ಎಂದು ತಿಳಿದರೆ ನಿಮ್ಮ ಆಟದ ರಕ್ಕಸರಾದ ಆರ್ಕ್‌ಗಳೂ ತಲೆಯೆತ್ತಿ ನಡೆದಾವು. ನೊಳಂಬರಲ್ಲಿ ಒಬ್ಬ ಪೊಳಲ್ಚೋರನಿದ್ದ; ಬಿಡಿಸಿ ಓದಿದರೆ ಪಟ್ಟಣಗಳ್ಳ. ಹೆಣ್ಣಿಗೆ ‘ಅಬ್ಬೆ’ ಸೇರಿಸಿ: ಅತ್ತಿಮಬ್ಬೆ, ದೇಕಬ್ಬೆ, ‘ನಾಗರಖಂಡ ಎಪ್ಪತ್ತು’ ಎಂಬ ನಾಡನ್ನು ಆಳಿದ ಜಕ್ಕಿಯಬ್ಬೆ. ಜಕ್ಕಿ ಯಕ್ಷಿಯ ತದ್ಭವ. ಕಾಡಿನ ಬೇಟೆಗಾತಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ.

ನಾಯಿಯ ಹೆಸರನ್ನಂತೂ ಹುಡುಕಲೇಬೇಡಿ. ಆತಕೂರಿನ ಕಲ್ಲಿನಲ್ಲಿ ಅದು ಹತ್ತನೆಯ ಶತಮಾನದಿಂದ ಕಾದು ಕುಳಿತಿದೆ: ಕಾಳಿ. ತಕ್ಕೋಲದಲ್ಲಿ ಚೋಳರನ್ನು ಗೆದ್ದ ಮೇಲೆ, ಏನು ಬೇಕೋ ಕೇಳು ಎಂದರೆ ಯೋಧ ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ನಾಯಿ, ಹಂದಿ ಎರಡೂ ಸತ್ತವು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿದೆ. ನೆತ್ತಿಯ ಮೇಲೆ ಎರಡೂ ಇನ್ನೂ ಕಾದಾಡುತ್ತಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಮೀ., ಮೈಸೂರು:

ವಿ. ಸರ್, ಎರಡು ಮಾತು. ದೇಕಬ್ಬೆಯ ಹೆಸರನ್ನು ದಯವಿಟ್ಟು ಬಿಡಿ. ಬೆಳತೂರಿನ ಆ 1057ರ ಕಲ್ಲು ನಿಂತಿರುವುದು ಅವಳು ಗಂಡ ಸತ್ತಾಗ ಬೆಂಕಿಗೆ ಬಿದ್ದದ್ದಕ್ಕೆ. ಮಕ್ಕಳು ‘ಯಾರು ಇವಳು?’ ಎಂದು ಕೇಳಿದರೆ ಸು. ಏನು ಹೇಳಬೇಕು? ಜಕ್ಕಿ ಎಂದಾಗಲೂ ಕೆಲವು ಅಜ್ಜಿಯರಿಗೆ ನೆನಪಾಗುವುದು ಯಕ್ಷಿಯಲ್ಲ, ಸತ್ತ ಸವತಿಯ ಜಕ್ಕಿಣಿ.

ಇನ್ನೊಂದು. ಹಾಡುಗಾರನಿಗೆ ‘ಹೆಳವ’ ಎಂಬ ಸಲಹೆ ನನಗೆ ಬೇರೆಯಾಗಿ ಬಂದಿದೆ. ಎತ್ತಿನ ಮೇಲೆ ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರು ಇಂದಿಗೂ ಇರುವ ಜನ. ಬೇಟೆಗಾರನನ್ನು ‘ಬೇಡ’ ಎನ್ನುವುದಕ್ಕೂ ಇದೇ ಮಾತು. ಒಂದು ಜನಾಂಗದ ಹೆಸರನ್ನು ಎಲ್ಫ್, ಆರ್ಕ್‌ಗಳ ಪಕ್ಕದ ಖಾನೆಯಲ್ಲಿ ತುಂಬಬೇಡಿ. ಲಾವಣಿಕಾರ ಎನ್ನಿ, ಅದು ಕಸುಬು.

ನಾ.:

ಪ್ಯಾಲಡಿನ್ ಹಾಗೇ ಇರಲಿ. ಇಂಗ್ಲಿಷಿನವರಿಗೂ ಅದು ಕಡ ತಂದ ಮಾತೇ. ಬುಡ ಲ್ಯಾಟಿನ್ನಿನ ‘ಪಲಾಟಿನುಸ್’, ಅರಮನೆಯವನು. ಅವರಿಗೆ ಇಲ್ಲದ ಮಡಿ ನಮಗೇಕೆ?

ಕೆ.:

ಅವರು ಸಾಲ ಮಾಡಿದರೆಂದು ನಾವೂ ಮಾಡಬೇಕೆ? ಇಂಗ್ಲಿಷ್ ತಂದರೆ ಉದಾರಿ, ಹಳಗನ್ನಡ ತಂದರೆ ಮಡಿವಂತ! ಈ ಬಳಗದಲ್ಲಿ ಹತ್ತು ವರ್ಷಗಳಿಂದ ಇದನ್ನೇ ಕೇಳುತ್ತಿದ್ದೇನೆ.

ನಾ.:

ಹತ್ತು ವರ್ಷಗಳಿಂದ ಹೇಳುತ್ತಿರುವವರೂ ನೀವೇ.

ವಿ.:

ಇಬ್ಬರೂ ಸ್ವಲ್ಪ ಸುಮ್ಮನಿರಿ. ಪ್ಯಾಲಡಿನ್‌ಗೆ ‘ಲೆಂಕ’ ಇದೆ. ಒಡೆಯನಿಗಾಗಿ ಪ್ರಾಣ ಕೊಡುವ ಆಣೆಯಿಟ್ಟವನು. ಹೊಯ್ಸಳರಲ್ಲಿ ಇಂಥವರನ್ನು ಗರುಡರೆಂದರು. ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಕಂಬ ಹಳೇಬೀಡಿನಲ್ಲಿದೆ. ಗರುಡ ಎಂದರೆ ಮಕ್ಕಳು ರೆಕ್ಕೆ ಎಲ್ಲಿ ಎಂದು ಕೇಳುತ್ತಾರೆ. ಲೆಂಕ ಎನ್ನಿ, ಎರಡೇ ಅಕ್ಷರ.

ಶ., ಕುಂದಾಪುರ:

ತಡವಾಗಿ ಬರೆಯುತ್ತಿದ್ದೇನೆ. ಕಥೆ ನಡೆಸುವ ಡಂಜನ್ ಮಾಸ್ಟರಿಗೆ ನೀವು ಏನು ಬರೆದಿದ್ದೀರಿ? ‘ನೆಲಮಾಳಿಗೆಯ ಒಡೆಯ’ ಎಂದಿದ್ದರೆ ಈಗಲೇ ಅಳಿಸಿ. ಆತ ನಮ್ಮ ಯಕ್ಷಗಾನದ ಭಾಗವತ. ಪ್ರಸಂಗ ಅವನ ಕೈಯಲ್ಲಿ, ಅರ್ಥ ಹೇಳುವುದು ವೇಷಧಾರಿಗಳ ಪಾಲಿಗೆ, ಅದೂ ನಿಂತ ನಿಲುವಿನಲ್ಲಿ. ನಿಮ್ಮ ಆಟವೂ ಅದೇ ತಾನೆ? ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಂದು ನಮ್ಮಲ್ಲಿ ಪಾಲು ಮೊದಲೇ ಆಗಿದೆ. ಇಪ್ಪತ್ತು ಮುಖದ ದಾಳವೊಂದು ಮಾತ್ರ ನಮ್ಮ ರಂಗಸ್ಥಳದಲ್ಲಿಲ್ಲ.

ಕೆ.:

ದಾಳವಲ್ಲ, ನೆತ್ತ.

ಸು.:

ಎಲ್ಲರಿಗೂ ಋಣಿ. ‘ನೆಲಮಾಳಿಗೆಯ ಒಡೆಯ’ ಎಂದೇ ಬರೆದಿದ್ದೆ, ಅಳಿಸಿದೆ. ಕಾರ್ಡುಗಳು ಹೀಗಿವೆ: ಬಿಲ್ಲ ಜಕ್ಕಿಯಬ್ಬೆ, ನಾಯಿ ಕಾಳಿ, ಲೆಂಕ ಎರೆಯಪ್ಪ, ಲಾವಣಿ ಬೂತಯ್ಯ, ಕನ್ನದ ಪೊಳಲ್ಚೋರ. ಮೀ. ಮೇಡಂ, ಜಕ್ಕಿಯನ್ನು ಬಿಡೋಣವೆಂದೇ ಇದ್ದೆ. ಆದರೆ ಜಕ್ಕಿಣಿ ಎಂದರೆ ದೆವ್ವ ಎಂದು ಕಿವಿಗೆ ಬಿದ್ದದ್ದೇ ತಡ, ಅಕ್ಕನ ಮಗ ಆ ಕಾರ್ಡು ತನಗೇ ಬೇಕೆಂದು ಹಠ ಹಿಡಿದಿದ್ದಾನೆ. ದಾಳ ದಾಳವಾಗಿಯೇ ಉಳಿದಿದೆ.

ಕೆ.:

ಪೊೞಲ್. ಳ ಅಲ್ಲ, ಹಳಗನ್ನಡದ ೞ. ಅದನ್ನಾದರೂ ಸರಿ ಮಾಡಿ.

ಸು.:

ಮಾಡಿದೆ. ಮುದ್ರಕರ ಕಂಪ್ಯೂಟರಿನಲ್ಲಿ ೞ ಇರುವಲ್ಲಿ ಖಾಲಿ ಚೌಕ ಬರುತ್ತಿದೆ. ಕಳ್ಳ ತನ್ನ ಹೆಸರಿನ ಅಕ್ಷರವನ್ನೇ ಕದ್ದ ಎಂದು ಮಕ್ಕಳಿಗೆ ಹೇಳುತ್ತೇನೆ. ಅಚ್ಚಿಗೆ ಕೊಟ್ಟಾಯಿತು.