ಪದ ಬೇಕಿದೆ: ಅಣ್ಣ-ತಂಗಿ ಇಬ್ಬರದೇ ಬ್ಯಾಂಡಿಗೆ ಏನನ್ನೋಣ?

ಶಾ. ಬರೆದದ್ದು:

ಬಳಗಕ್ಕೆ ನಮಸ್ಕಾರ. ನ್ಯೂಜಿಲೆಂಡಿನ ‘ಬ್ರೂಡ್ಸ್’ ಎಂಬ ಬ್ಯಾಂಡಿನ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ಪುಟ ಹೋಗಬೇಕು, ನಾನಿನ್ನೂ ಮೊದಲ ಸಾಲಿನಲ್ಲೇ ಇದ್ದೇನೆ: ‘ಸಿಬ್ಲಿಂಗ್ ಆಲ್ಟರ್ನೇಟಿವ್ ಪಾಪ್ ಡ್ಯುಯೊ’. ಹಾಡುವವಳು ಜಾರ್ಜಿಯಾ ನಾಟ್, ವಾದ್ಯದ ಕಡೆ ಅಣ್ಣ ಕೇಲೆಬ್. ನೆಲ್ಸನ್ ಊರಿನವರು. 2013ರಲ್ಲಿ ‘ಬ್ರಿಡ್ಜಸ್’ ಹಾಡಿನಿಂದ ಹೆಸರಾದರು. 2014ರಲ್ಲಿ ‘ಎವರ್‌ಗ್ರೀನ್’, 2016ರಲ್ಲಿ ‘ಕಾನ್ಷಸ್’, ಆಮೇಲೆ 2019 ಮತ್ತು 2022ರಲ್ಲಿ ಒಂದೊಂದು ಆಲ್ಬಂ. ‘ಅಣ್ಣ-ತಂಗಿ ಜೋಡಿ’ ಎಂದು ಬರೆದಿದ್ದೆ. ಮುಂದೆ ಬರೀ ‘ಈ ಜೋಡಿ’ ಎಂದು ಬಂದ ಕಡೆಯೆಲ್ಲ ಸಂಪಾದಕರು ಗೀಟು ಹಾಕಿ, ‘ಗಂಡ-ಹೆಂಡತಿ ಎಂದುಕೊಳ್ಳುತ್ತಾರೆ’ ಎಂದು ಬರೆದಿದ್ದಾರೆ. ದಯವಿಟ್ಟು ಬೇಗ ಹೇಳಿ.

ಕೆ. ಬರೆದದ್ದು:

‘ಸೋದರ ದ್ವಯ.’ ಇದರಲ್ಲಿ ಚರ್ಚೆಗೇನಿದೆ? ರುದ್ರಪಟ್ಣಂ ಸಹೋದರರು, ಮೈಸೂರು ಸಹೋದರರು ಎಂದು ಸಂಗೀತ ಕಛೇರಿಗಳಲ್ಲಿ ಹೇಳುತ್ತಲೇ ಬಂದಿದ್ದೇವೆ.

ಗ. ಬರೆದದ್ದು:

> ಇದರಲ್ಲಿ ಚರ್ಚೆಗೇನಿದೆ?

ಇದೆ. ಅವರೆಲ್ಲ ಗಂಡಸರು. ಇಲ್ಲಿ ಹಾಡುವವಳೇ ತಂಗಿ. ಅವಳನ್ನು ‘ಸೋದರ’ದೊಳಗೆ ತುರುಕುತ್ತೀರಾ? ಅದೂ ಅಲ್ಲದೆ ನಮ್ಮಲ್ಲಿ ಸೋದರಮಾವ, ಸೋದರತ್ತೆ, ಸೋದರಿಕೆ ಎಲ್ಲ ಹೆಣ್ಣು ಕೊಟ್ಟು ತರುವ ಸಂಬಂಧದ ಮಾತುಗಳು. ‘ಜೋಡಿ’ಯಿಂದ ತಪ್ಪಿಸಿಕೊಳ್ಳಲು ಹೋಗಿ ಸೋದರಿಕೆಗೆ ಬಿದ್ದಹಾಗಾಯಿತು. ಅಚ್ಚಗನ್ನಡದ ‘ಒಡಹುಟ್ಟು’ ಇರುವಾಗ ಈ ಪಾಡು ಯಾಕೆ? ಹಳಗನ್ನಡದಲ್ಲಿ ಒಡ + ಪುಟ್ಟು ಸೇರಿ ‘ಒಡವುಟ್ಟು’, ಪಕಾರಕ್ಕೆ ವಕಾರ. ಗಂಡು ಹೆಣ್ಣು ಎರಡಕ್ಕೂ ಸಲ್ಲುತ್ತದೆ. ಇಬ್ಬರ ಬಳಗಕ್ಕೆ ‘ಇಬ್ಬಳಗ’ ಎನ್ನಿ. ‘ಒಡಹುಟ್ಟಿಗರ ಇಬ್ಬಳಗ’. ಎಷ್ಟು ಚೆನ್ನಾಗಿದೆ ನೋಡಿ.

ಕೆ. ಬರೆದದ್ದು:

ಇಬ್ಬಳಗವಂತೆ. ಓದುವವರಿಗೆ ಅದೇನೋ ರೋಗದ ಹೆಸರು ಅನ್ನಿಸುತ್ತದೆ.

ಮೀ. ಬರೆದದ್ದು:

‘ಅವಳಿ ಗಾಯಕರು’ ಎಂದರೆ?

ಗ. ಬರೆದದ್ದು:

ಅಣ್ಣ ಎಂದು ಶಾ. ಬರೆದಿದ್ದಾರೆ. ಓದಿ. ಅವಳಿ ಎಂದರೆ ಕೆನಡಾದ ಟೀಗನ್ ಮತ್ತು ಸಾರಾ.

ನ. ಬರೆದದ್ದು:

ಶಾ. ಅವರೇ, ಇವರಿಬ್ಬರ ಜಗಳ ಬಿಡಿ. ‘ಸಿಬ್ಲಿಂಗ್’ ಅನ್ನುವುದರಲ್ಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಯಾರು ದೊಡ್ಡವರು ಅನ್ನುವುದೂ ಇಲ್ಲ. ‘ಅಣ್ಣ-ತಂಗಿ’ ಎಂದಕೂಡಲೇ ಎರಡೂ ಬಂತು. ಇಷ್ಟು ಒಳ್ಳೆಯ ಪದ ನಿಮ್ಮ ಕೈಯಲ್ಲೇ ಇದೆ, ತಪ್ಪೆಲ್ಲ ‘ಜೋಡಿ’ಯದು. ‘ಯುಗಳ’ವನ್ನು ಯುಗಳಗೀತೆ ನುಂಗಿದೆ, ಇಲ್ಲಿ ಇಬ್ಬರೂ ಸೇರಿ ಹಾಡು ಕಟ್ಟುತ್ತಾರೆ, ಹಾಡುವುದು ಹೆಚ್ಚಾಗಿ ಒಬ್ಬಳೇ.

ನನಗೆ ತಲೆನೋವು ‘ಆಲ್ಟರ್ನೇಟಿವ್’. ಎಲ್ಲರೂ ‘ಪರ್ಯಾಯ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪರ್ಯಾಯದ ಮೂಲ ಅರ್ಥ ಸರದಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಪೂಜೆ ಹೋಗುವುದು ಆ ಅರ್ಥದಲ್ಲೇ. ಈಗಿನ ಬಳಕೆಯಲ್ಲಿ ಒಂದರ ಬದಲು ಇನ್ನೊಂದು. ‘ಪರ್ಯಾಯ ಪಾಪ್’ ಎಂದರೆ ಪಾಪ್ ಸಿಗದಿದ್ದಾಗ ಕೇಳುವಂಥದ್ದು ಎಂದಾಯಿತು. ಇವರು ಹಾಡುವುದು ಪಾಪೇ, ಸ್ವಲ್ಪ ಮಬ್ಬು ಕವಿದ ಪಾಪ್ ಅಷ್ಟೆ. ಆಲ್ಟರ್ನೇಟಿವ್ ಪಾಪ್ ಎಂದೇ ಇಡಿ. ಅದು ಸಂಗೀತದ ಒಂದು ಬಗೆಯ ಹೆಸರು. ಹಿಂದೂಸ್ತಾನಿ ಸಂಗೀತದ ಖಯಾಲನ್ನು ಯಾರೂ ಅನುವಾದಿಸಲಿಲ್ಲವಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ‘ಬ್ರೂಡ್’ ಎಂದರೆ ಒಂದೇ ಸಲ ಮೊಟ್ಟೆಯೊಡೆದು ಬಂದ ಮರಿಗಳು. ಒಂದನ್ನೇ ನೆನೆದು ಕೊರಗುತ್ತ ಕೂರುವುದೂ ಹೌದು. ನಮ್ಮ ‘ಕಾವು’ ಅದಕ್ಕೆ ತೀರಾ ಹತ್ತಿರ: ಕೋಳಿ ಕೂರುವುದೂ ಕಾವಿಗೇ, ಮನಸ್ಸಿನ ಬೇಗೆಯೂ ಕಾವೇ.

ಗ. ಬರೆದದ್ದು:

> ಆಲ್ಟರ್ನೇಟಿವ್ ಪಾಪ್ ಎಂದೇ ಇಡಿ.

ಹೀಗೆ ಇಡುತ್ತ ಇಡುತ್ತ ಕನ್ನಡದಲ್ಲಿ ಪ್ರತ್ಯಯಗಳಷ್ಟೇ ಉಳಿಯುತ್ತವೆ.

ನ. ಬರೆದದ್ದು:

ಪಿಟೀಲು ಎಲ್ಲಿಂದ ಬಂತು ಸ್ವಾಮಿ?

ಗ. ಬರೆದದ್ದು:

ಫಿಡಲ್‌ನಿಂದ. ಆದರೆ ನಮ್ಮ ಬಾಯಿಗೆ ಬಗ್ಗಿ, ಕೊನೆಗೆ ಉಕಾರ ಹಚ್ಚಿಕೊಂಡು ಬಂತು. ನಿಮ್ಮ ಆಲ್ಟರ್ನೇಟಿವ್ ಷೂ ಹಾಕಿಕೊಂಡೇ ಅಡುಗೆಮನೆಗೆ ನುಗ್ಗುತ್ತಿದೆ.

ಕೆ. ಬರೆದದ್ದು:

ಷೂ ಯಾವ ಭಾಷೆಯದು?

ಶಾ. ಬರೆದದ್ದು:

ಎಲ್ಲರಿಗೂ ವಂದನೆ. ಪುಟ ಕಳಿಸಿದೆ. ಮೊದಲ ಸಾಲು: ‘ನ್ಯೂಜಿಲೆಂಡಿನ ಅಣ್ಣ-ತಂಗಿ ಇಬ್ಬರೇ ಕಟ್ಟಿದ ಆಲ್ಟರ್ನೇಟಿವ್ ಪಾಪ್ ತಂಡ ಬ್ರೂಡ್ಸ್.’ ಮುಂದೆ ಎಲ್ಲ ಕಡೆ ‘ಇಬ್ಬರೂ’ ಎಂದಷ್ಟೇ ಇದೆ. ಅವರವರ ಸ್ವಂತ ಸಂಗೀತದ ಕೆಲಸಗಳಾದ ಜಾರ್ಜಿಯಾಳ ‘ದ ವೀನಸ್ ಪ್ರಾಜೆಕ್ಟ್’, ಕೇಲೆಬ್‌ನ ‘ಫಿಝಿ ಮಿಲ್ಕ್’ ಬಂದ ಕಡೆ ‘ಬೇರೆಬೇರೆಯಾಗಿ’. ಸಂಪಾದಕರು ಒಪ್ಪಿದರು. ತಲೆಬರಹಕ್ಕೆ ನ. ಅವರ ಮರಿಗಳನ್ನು ಎತ್ತಿಕೊಂಡಿದ್ದೇನೆ: ‘ಒಂದೇ ಕಾವಿನ ಹಾಡು’. ‘ಇಬ್ಬಳಗ’ವನ್ನೂ ತೋರಿಸಿದ್ದೆ, ನಕ್ಕರು. ಕ್ಷಮಿಸಿ ಗ. ಸರ್.

ಗ. ಬರೆದದ್ದು:

ನಗಲಿ. ‘ತಂಡ’ ಕನ್ನಡದ್ದೇ ಎಂದು ಯಾವ ನಿಘಂಟಿನಲ್ಲಿ ನೋಡಿದಿರಿ?