ಹಳೆ ಒಳಾಂಗಣ ಈಜುಕೊಳ: ಹೊಸ ಭಾಗ ಸೇರಿಸಿದ ಮೇಲೆ ಮರದ ತೊಲೆಯಿಂದ ಹನಿ ಬೀಳುತ್ತಿದೆ

ತೊಲೆಕಂಬ: ತಲೆ ಕೆಟ್ಟು ಹೋಗಿದೆ. ಹಳೆ ಕೊಳದ ಪಕ್ಕ ಮಕ್ಕಳ ಕೊಳ ಕಟ್ಟಿ ಚಾವಣಿ ಮುಂದುವರಿಸಿದೆವು. ಎಲ್ಲ ಗ್ಲೂಲ್ಯಾಮ್, ಅಂದರೆ ಹಲಗೆ ಅಂಟಿಸಿ ಮಾಡಿದ ತೊಲೆ. ಹಳೆ ತೊಲೆಗೆ ಹೊಸದು ಕೂಡುವಲ್ಲಿ ಬೆಳಗಾದರೆ ಹನಿ. ಬೋಲ್ಟ್ ಸುತ್ತ ಕಪ್ಪು ಕಲೆ. ಶೀಟ್ ಹೊಸದು, ಸೋರುವ ಮಾತೇ ಇಲ್ಲ.

ನಟ್ಟುಬೋಲ್ಟು: ಸೋರುತ್ತಿದೆ, ಅಷ್ಟೇ. ಫ್ಲಾಶಿಂಗ್ (ಚಾವಣಿ ಕೂಡುವಲ್ಲಿ ನೀರು ತಡೆಯುವ ತಗಡು) ನೋಡಿ. ಮೇಲೆ ಪೈಪ್ ಹಿಡಿದು ನೀರು ಬಿಡಿ.

ತೊಲೆಕಂಬ: ಬಿಟ್ಟಾಯಿತು. ಏನೂ ಇಳಿಯಲಿಲ್ಲ.

ನಟ್ಟುಬೋಲ್ಟು: ಇನ್ನೂ ಜಾಸ್ತಿ ಹೊತ್ತು ಬಿಡಿ ಸರ್.

ಇಬ್ಬನಿ: ಮಳೆ ಇಲ್ಲದ ದಿನವೂ ಬೀಳುತ್ತಾ? ಗಾಳಿಯ ತೇವ ಎಷ್ಟು? ರಾತ್ರಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಮಷೀನ್) ಓಡುತ್ತಾ?

ತೊಲೆಕಂಬ: ದಿನಾ ಬೀಳುತ್ತದೆ. ನೀರು 28 ಡಿಗ್ರಿ, ಗಾಳಿ 30, ತೇವ ಶೇ 60. ರಾತ್ರಿ ಮಷೀನ್ ಬಂದ್. ಎಲ್ಲರೂ ಹಾಗೇ ಅಲ್ವಾ? ಸುಮ್ನೆ ಕರೆಂಟ್ ಯಾಕೆ ಸುಡಬೇಕು?

ಇಬ್ಬನಿ: ಇದನ್ನು ಮೊದಲೇ ಹೇಳಬಾರದಿತ್ತೇ! ಆ ಗಾಳಿಗೆ ಡ್ಯೂ ಪಾಯಿಂಟ್ ಸುಮಾರು 21 ಡಿಗ್ರಿ. ಅದಕ್ಕಿಂತ ತಣ್ಣಗಿರುವುದರ ಮೇಲೆಲ್ಲ ನೀರು ಕೂರುತ್ತದೆ. ಮಷೀನ್ ನಿಂತರೂ ಕೊಳದಿಂದ ಆವಿ ಏಳುತ್ತಲೇ ಇರುತ್ತದೆ, ತೇವ ಇನ್ನೂ ಏರುತ್ತದೆ. ಮರ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಕೂಡುವಲ್ಲಿರುವ ಉಕ್ಕಿನ ಪ್ಲೇಟ್ ಬಿಡುತ್ತದೆ. ಅದರ ತುದಿ ಗೋಡೆಯಾಚೆ ಚಾಚಿದ್ದರೆ ಕೆಲಸ ಕೆಟ್ಟಂತೆಯೇ. ಹಳೆ ಚಾವಣಿಯ ಆವಿತಡೆ ಹಾಳೆಗೆ ಹೊಸದನ್ನು ಟೇಪ್ ಹಾಕಿ ಅಂಟಿಸಿದ್ದಾರಾ?

ನಟ್ಟುಬೋಲ್ಟು: ಕಪ್ಪು ಕಲೆ ಸೋರಿಕೆಯದ್ದೇ. ಎರಡು ಕೋಟ್ ವಾರ್ನಿಷ್ ಹೊಡೆಯಿರಿ.

ಕಿರುಗುಟ್ಟು: ವಾರ್ನಿಷ್ ಹೊಡೆದರೆ ಒಳಗಿನ ಒದ್ದೆ ಒಣಗುವುದು ಹೇಗೆ ಗುರು? ಕಬ್ಬಿಣಕ್ಕೆ ಮರದೊಳಗಿನ ಒಗರು ಅಂಶ, ಟ್ಯಾನಿನ್, ಸೇರಿದರೂ ಕಪ್ಪಾಗುತ್ತದೆ. ನಾನು ಹೆದರುವುದು ಬೇರೆಯದಕ್ಕೆ. ಫಾಲ್ಸ್ ಸೀಲಿಂಗ್ ತೂಗುಹಾಕಿದ ರಾಡ್ ಯಾವ ಗ್ರೇಡ್? 1985ರಲ್ಲಿ ಸ್ವಿಟ್ಜರ್ಲೆಂಡ್‌ನ ಉಸ್ಟರ್‌ನಲ್ಲಿ ಕೊಳದ ಮೇಲಿನ ಕಾಂಕ್ರೀಟ್ ಸೀಲಿಂಗ್ ಕುಸಿದು 12 ಜನ ಸತ್ತರು. ಸ್ಟೇನ್‌ಲೆಸ್ ರಾಡ್‌ಗಳನ್ನು ಕ್ಲೋರಿನ್ ಗಾಳಿ ತಿಂದಿತ್ತು.

ನಟ್ಟುಬೋಲ್ಟು: 316 ಗ್ರೇಡ್ ಸ್ಟೇನ್‌ಲೆಸ್ ಹಾಕಿದರೆ ಏನೂ ಆಗಲ್ಲ.

ಕಿರುಗುಟ್ಟು: ಕೊಳದ ಮೇಲೆ, ಒರೆಸಲು ಕೈಗೆ ಸಿಗದ, ಭಾರ ಹೊರುವ ಜಾಗಕ್ಕೆ 316 ಕೂಡ ನಂಬಿಕೆಗೆ ಸಾಲದು. ತುಕ್ಕು ಹೆಚ್ಚು ಕಾಣದೆಯೇ ಬಿರುಕು ಬಿಡುತ್ತದೆ.

ತೊಲೆಕಂಬ: ರಾಡ್ ಹಳೇದೇ. ಚೆನ್ನಾಗಿ ಹೊಳೆಯುತ್ತಿದೆ. ಹಾಳೆಯ ವಿಷಯ ಕಂಟ್ರಾಕ್ಟರ್‌ಗೆ ಕೇಳಿದೆ, ಫೋನ್ ಎತ್ತುತ್ತಿಲ್ಲ.

ಇಬ್ಬನಿ: ಹೊಳಪು ನೋಡಿ ಬಿಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಅಲ್ಲಿಯವರೆಗೆ ಕೆಳಗೆ ಯಾರನ್ನೂ ಬಿಡಬೇಡಿ. ಮಷೀನ್ ರಾತ್ರಿಯೂ ಓಡಲಿ, ಕೊಳಕ್ಕೆ ಕವರ್ ಎಳೆಯಿರಿ. ಬೋಲ್ಟ್ ಪಕ್ಕ ಮಾಯಿಶ್ಚರ್ ಮೀಟರ್ ಚುಚ್ಚಿ. ಮರದ ತೇವ ಶೇ 20 ದಾಟಿದರೆ ಕೊಳೆಯುವ ಭಯ.

ನಟ್ಟುಬೋಲ್ಟು: ಮೀಟರ್ ಅಂದರೆ ನನ್ನದು ನೋಡಬೇಕು. ಬ್ಲೂಟೂತ್, ಉದ್ದ ಸೂಜಿ, ಮೊಬೈಲ್‌ನಲ್ಲೇ ಗ್ರಾಫ್!

ಕಿರುಗುಟ್ಟು: ಉದ್ದ ಅಂದರೆ ಎಷ್ಟು? ನನ್ನದರ ಸೂಜಿಗೆ ಇನ್ಸುಲೇಶನ್ ಕೂಡ ಇದೆ.

ತೊಲೆಕಂಬ: ಸರ್, ಸೀಲಿಂಗ್ ಬಿಚ್ಚುವಾಗ ಕೊಳ ಖಾಲಿ ಮಾಡಬೇಕಾ?